ಮೇಲುಕೋಟೆಯಲ್ಲಿ ಲೋಕಲ್ ಬಟ್ಟೆ ಕೇಳಿದ್ದು

ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಯಾರಾದ ಬಿಡಿಭಾಗಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಹದಿನೈದು ವರ್ಷ ಅದನ್ನೇ ಮಾಡಿ ಮಾಡಿ, ಮದುವೆ ಮನೆಯಲ್ಲಿ ಲಾಡು ಕೊಟ್ಟರೂ ತಿರುಗಿಸಿ ನೋಡುವ ಹಂತಕ್ಕೆ ಬಂದಿದ್ದೇನೆ. ಈ ಯೋಗ್ಯತೆಯನ್ನು ನಂಬಿಯೇ ನಮ್ಮ ಮನೆ ಓನರ್ ಅಜ್ಜಿ ನನಗೊಂದು ಕೆಲಸ ವಹಿಸಿದರು.

ರಾಜಗೋಪಾಲನಗರದಲ್ಲಿ ಅಜ್ಜಿ ಇರುವುದು ಕೆಳಗಿನ ಮನೆಯಲ್ಲಿ, ಬೇರೆ ಊರಿನಿಂದ ಬಂದ ನಾವು ಬಾಡಿಗೆಗಿರುವುದು ಅದರ ಮೇಲೆ. ಅವರ ಮೊಮ್ಮಗನಿಗೆ ಹೆಣ್ಣು ಮಗು ಹುಟ್ಟಿತ್ತು, ಭಾನುವಾರ ನಾಮಕರಣ. ಆ ಮನೆಯ ಮಗುವನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವಾಗ ಮೇಲುಕೋಟೆಯ ಕೈಮಗ್ಗದ ಬಟ್ಟೆಯನ್ನೇ ಹಾಸಬೇಕು. ಪ್ರತಿ ಸಲ ಅಜ್ಜಿಯೇ ಹೋಗಿ, ದೇವರಿಗೆ ಕೈಮುಗಿದು ತರುತ್ತಿದ್ದರು. ಈ ಸಲ ಮಂಡಿನೋವು ಬಿಡಲಿಲ್ಲ. ನಾನೂ ಹೆಂಡತಿಯೂ ಶುಕ್ರವಾರ ರಜೆ ಹಾಕಿ ಅಲ್ಲಿಗೆ ಹೊರಟಿದ್ದೇವೆಂದು ತಿಳಿದು ಕರೆದರು.

"ಅಲ್ಲೇ ನೇಯ್ದಿರಾದು ತತ್ತಾ ಕಣಪ್ಪ. ಬ್ಯಾರೆ ಕಡೇದು ಬ್ಯಾಡ. ಮಗೀನ ಮೈಗೆ ಅದೇ ತಾಗ್ಬೇಕು."

"ಚಿಂತೆ ಬಿಡಿ ಅಜ್ಜಿ, ನನ್ ಕಣ್ಣು ತಪ್ಪಿಸಿ ಒಂದು ನೂಲೂ ಬರಲ್ಲ" ಎಂದು ಜಂಬ ಕೊಚ್ಚಿಕೊಂಡೆ.

ಹೊರಡುವ ಮುನ್ನ ಫೋನಿನಲ್ಲಿ ನಾಲ್ಕಾರು ವಿಡಿಯೋ ನೋಡಿಕೊಂಡೆ. ಅವುಗಳಲ್ಲಿ ಬರುವವರೆಲ್ಲ, ಯಾವ ಊರಿಗೆ ಹೋದರೂ ಲೋಕಲ್ ಐಟಂ ಕೇಳಿ ತಗೊಳ್ಳಿ ಎನ್ನುತ್ತಿದ್ದರು. ನಾನೂ ಅದನ್ನೇ ಬಾಯಿಪಾಠ ಮಾಡಿಕೊಂಡೆ. ಲೋಕಲ್ ಎಂದರೆ ನಮ್ಮ ಪೀಣ್ಯದಲ್ಲಿ ಏನರ್ಥ ಎಂಬುದು ನೆನಪಿಗೇ ಬರಲಿಲ್ಲ. ನಮ್ಮಲ್ಲಿ ಮೂರು ದಿನಕ್ಕೆ ಕಿತ್ತುಹೋಗುವ ಬೇರಿಂಗು ಲೋಕಲ್ಲು. ಹೆಸರಿಲ್ಲದ, ಗ್ಯಾರಂಟಿಯಿಲ್ಲದ ಮಾಲೆಲ್ಲ ಲೋಕಲ್ಲು. ದಿನಕ್ಕೆ ಹತ್ತು ಸಲ ನಾನೇ ಆ ಮಾತು ಹೇಳಿ ಪೆಟ್ಟಿಗೆಗಳನ್ನು ವಾಪಸು ಕಳಿಸುತ್ತೇನೆ.

ದರ್ಶನ ಮುಗಿಸಿ ಬೀದಿಗಿಳಿದವನೇ ಮೊದಲ ಅಂಗಡಿಯಲ್ಲಿ, "ಲೋಕಲ್ ಬಟ್ಟೆ ಇದೆಯಾ?" ಎಂದೆ.

"ಛೇ, ಲೋಕಲ್ ಎಲ್ಲ ನಾವು ಇಡಲ್ಲ ಸಾರ್. ನಮ್ದೆಲ್ಲಾ ಬೆಂಗ್ಳೂರ್ ಮಾಲು" ಎಂದು ಅಂಗಡಿಯವರು ಹೆಮ್ಮೆಯಿಂದ ಹೇಳಿದರು.

ಎರಡನೆಯ ಅಂಗಡಿಯವರು ಮುಖ ಸಿಂಡರಿಸಿಕೊಂಡರು. ಪುಳಿಯೋಗರೆ ಗೊಜ್ಜು ಮಾರುವಲ್ಲೂ ನನ್ನ ಬಾಯಿ ಸುಮ್ಮನಿರಲಿಲ್ಲ. "ಇದು ಲೋಕಲ್ಲಾ?" ಎಂದು ಕೇಳಿದ್ದೇ ತಡ, ರುಚಿ ನೋಡಲೆಂದು ನನ್ನ ಅಂಗೈವರೆಗೆ ಬಂದಿದ್ದ ಚಮಚ ಡಬ್ಬಿಗೆ ವಾಪಸು ಹೋಯಿತು. ಹೆಂಡತಿ ನಾನು ಯಾರೋ ಗೊತ್ತೇ ಇಲ್ಲದವಳ ಹಾಗೆ ನಾಲ್ಕು ಹೆಜ್ಜೆ ಹಿಂದೆ ಬರತೊಡಗಿದಳು.

ಕೊನೆಗೆ ಒಂದು ಓಣಿಯಲ್ಲಿ ಮಗ್ಗದ ಸದ್ದು ಕೇಳಿಸಿತು. ಒಳಗೆ ವಯಸ್ಸಾದ ಹೆಂಗಸೊಬ್ಬರು ನೇಯುತ್ತಿದ್ದರು. ಬಟ್ಟೆ ಬೇಕೆಂದಾಗ ಎದ್ದು ಬಂದು, ಕೆಂಪಂಚಿನ ಬಿಳಿ ಬಟ್ಟೆಯೊಂದನ್ನು ಬಿಡಿಸಿ ನನ್ನ ಕೈಗಿಟ್ಟರು. ಹೂವಿನಷ್ಟು ಮೆತ್ತಗಿತ್ತು. ತೆಪ್ಪಗೆ ತೆಗೆದುಕೊಂಡು ಬರುವುದು ಬಿಟ್ಟು ನಾನು ಅದನ್ನು ಕಿಟಕಿಯ ಬೆಳಕಿಗೆ ಹಿಡಿದೆ, ಅಂಚಿನುದ್ದಕ್ಕೂ ಬೆರಳು ಓಡಿಸಿದೆ.

"ಇಲ್ಲೊಂದು ಎಳೆ ದಪ್ಪ ಬಂದಿದೆ ಅಲ್ವಾ ಅಮ್ಮ? ಪರ್ವಾಗಿಲ್ಲ ಬಿಡಿ, ಲೋಕಲ್ ತಾನೆ" ಎಂದೆ.

ಅವರು ಬಟ್ಟೆಯನ್ನು ಮೆಲ್ಲಗೆ ನನ್ನ ಕೈಯಿಂದ ತೆಗೆದುಕೊಂಡು ಮಡಚಿದರು. "ಇದು ನಿಮಗಲ್ಲ, ಮುಂದೆ ನೋಡ್ಕೊಳಿ" ಎಂದು ಮಗ್ಗಕ್ಕೆ ವಾಪಸಾದರು. ಒಳ್ಳೆಯ ಅರ್ಥದಲ್ಲೇ ಹೇಳಿದ್ದೆಂದು ಗೋಗರೆದಷ್ಟೂ ಕೆಲಸ ಕೆಟ್ಟಿತು. ಬರಿಗೈಲಿ ಹೋದರೆ ಅಜ್ಜಿಗೆ ಏನು ಹೇಳುವುದು? ಆಗ ಹೆಂಡತಿ ನನ್ನನ್ನು ಬಾಗಿಲಾಚೆ ತಳ್ಳಿ ತಾನು ಒಳಗೆ ಹೋದಳು. "ತೊಟ್ಟಿಲಿಗೆ ಹಾಸೋಕೆ ಅಮ್ಮ, ಎಳೇ ಮಗು" ಎಂದಳು, ಅಷ್ಟೇ. ಅದೇ ಬಟ್ಟೆ ಅರಿಶಿನ ಕುಂಕುಮದ ಜೊತೆ ಹೊರಗೆ ಬಂತು. ಅಷ್ಟು ಹೊತ್ತೂ ನಾನು ಅವಳ ಚಪ್ಪಲಿ ಕಾಯುತ್ತಿದ್ದೆ.

ಇದನ್ನೊಂದು ತಮಾಷೆಯ ಪ್ರಸಂಗವೆಂದುಕೊಂಡು, ಮರುದಿನ ಬಟ್ಟೆ ಒಪ್ಪಿಸುವಾಗ ಅಜ್ಜಿಯ ಮುಂದೆ ಅಭಿನಯ ಸಮೇತ ಹೇಳಿದೆ. ಅವರು ಬಟ್ಟೆಯನ್ನು ಕೆನ್ನೆಗೆ ಒತ್ತಿಕೊಂಡು, ಸರಿಯಿದೆ ಎಂಬಂತೆ ತಲೆಯಾಡಿಸಿದರು. ಆದರೆ ನಗಲಿಲ್ಲ.

"ನಮ್ಮನ್ನೂ ಅಂಗೇ ಅಂತೀಯಲ್ಲಪ್ಪ" ಎಂದರು.

ನನಗೆ ಅರ್ಥವಾಗಲಿಲ್ಲ.

"ಮೆಟ್ಲ ಮ್ಯಾಲೆ ನಿಂತ್ಕಂಡು ಫೋನ್‌ನಾಗೆ ಯೋಳ್ತೀಯಲ್ಲ, ಓನರ್ರು ಲೋಕಲ್ ಜನ ಕಣೋ, ಉಷಾರಾಗಿರ್ಬೇಕು ಅಂತ. ನಂಗೆ ಮಂಡಿ ಓಗೈತೆ, ಕಿವಿ ಓಗಿಲ್ಲ."

ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಅಂದಿದ್ದು ನಿಜ, ಅದೂ ಒಂದೆರಡು ಸಲವಲ್ಲ. ನನ್ನ ಹೆಂಡತಿಯ ಬಾಣಂತನದಲ್ಲಿ ದಿನಾ ಹಂಡೆಗೆ ಬೆಂಕಿ ಹಾಕಿ ನೀರು ಕಾಯಿಸಿದವರು ಇದೇ ಅಜ್ಜಿ. "ತಪ್ಪಾಯ್ತು ಅಜ್ಜಿ" ಎಂದೆ. ಅವರು ಬಟ್ಟೆಯನ್ನು ಮಡಚಿ ದೇವರ ಗೂಡಿನಲ್ಲಿಟ್ಟು ಬಂದರು.

"ಬಾನ್ವಾರ ಬೆಳಿಗ್ಗೇನೇ ಇಳ್ದು ಬಾ. ತೊಟ್ಲು ಕಟ್ಟಾಕೆ ಲೋಕಲ್ ಜನ ಸಾಲಾಕಿಲ್ಲ."