ಡಬ್ಬದೊಳಗಿನ ಕರಿ ಗುಂಡಿ

ಸಾಯುವ ಹಿಂದಿನ ಸಂಜೆಯೂ ದರ್ಜಿ ಅಜ್ಜ ಗುಂಡಿಗಳ ಡಬ್ಬ ಸುರಿದು, ಪುಟ್ಟ ಮೊಮ್ಮಗಳಿಗೆ ಮನೆಮಂದಿಯನ್ನು ಕಲಿಸುತ್ತಿದ್ದ. ಕೆಂಪು ಗುಂಡಿ ಅಮ್ಮ, ನೀಲಿಯದು ಅಪ್ಪ, ಕೋಟಿನ ದಪ್ಪ ಕರಿ ಗುಂಡಿ ತಾನು.

"ಅಂಚು ಮುರಿದಿರೋದು ನಿಮ್ಮಜ್ಜಿ. ಅವಳ ಹಲ್ಲು ನೋಡು, ಗೊತ್ತಾಗುತ್ತೆ."

"ನಿಮ್ಮ ಹೊಟ್ಟೆ ಮೇಲೆ ಆ ಕೋಟಿನ ಗುಂಡಿ ಹಾಕೋಕಾಗುತ್ತಾ, ಮೊದಲು ನೋಡ್ಕೊಳ್ಳಿ," ಎಂದಳು ಅಜ್ಜಿ ಒಳಗಿನಿಂದಲೇ.

ಮರುದಿನ ಅವನು ಹೊಲಿಗೆ ಮಿಷನ್ ಮೇಲೆ ತಲೆಯಿಟ್ಟವನು ಏಳಲೇ ಇಲ್ಲ.

ಮಗು ಅಜ್ಜ ಎಲ್ಲಿ ಎಂದು ಕೇಳೀತೆಂದು ಹೆದರಿ ಅಜ್ಜಿ ಕರಿ ಗುಂಡಿಯನ್ನು ಬಚ್ಚಿಟ್ಟಳು. ಮಗು ಸಾಲು ಜೋಡಿಸಿ, ಮುರುಕು ಗುಂಡಿಯ ಪಕ್ಕ ಜಾಗ ಬಿಟ್ಟು ಗದರಿತು: "ಅಜ್ಜಿ, ನೀನು ಒಬ್ಳೇ ಆಗ್ಬಿಟ್ಟೆ! ಅಜ್ಜನ್ನ ಕೊಡು."

ಅವಳು ಕೊಟ್ಟಳು.

ಈಗ ದಿನಾ ಬೆಳಗ್ಗೆ ಒಲೆ ಹಚ್ಚುವ ಮೊದಲು ಡಬ್ಬದಲ್ಲಿ ಕೈಯಾಡಿಸಿ, ಕರಿ ಗುಂಡಿಯನ್ನು ಹುಡುಕಿ, ಮಗುವಿಗೆ ಸಿಗುವಂತೆ ಮೇಲಿಡುತ್ತಾಳೆ.