ಕಿವಿಯಕ್ಕನ ಗುಮಾನಿ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಕಿವಿಯಕ್ಕ ಎಂದೇ ಕರೆಯುತ್ತಿದ್ದರು. ಅವಳ ಕೆಲಸವೇ ಹಾಗಿತ್ತು. ಯಾರೋ ಯಾರೊಡನೆಯೋ ಫೋನಿನಲ್ಲಿ ಆಡಿದ ಮಾತಿನ ತುಣುಕುಗಳನ್ನು ಕೇಳುವುದು, ಆಡಿದವರ ಮನಸ್ಸಿನಲ್ಲಿದ್ದದ್ದು ಕೋಪವೋ ಕುಹಕವೋ ಜಾರಿಕೆಯೋ ಎಂದು ಕಂಪ್ಯೂಟರಿಗೆ ಹೇಳಿಕೊಡುವುದು. 'ಆಗಲಿ, ನೋಡೋಣ' ಎಂದರೆ ಆಗುವುದಿಲ್ಲ ಎಂದೇ ಅರ್ಥ. ಅದು ಆ ಯಂತ್ರಕ್ಕೆ ತಿಳಿದದ್ದು ಅವಳಿಂದ.

ಊರವರ ಮಾತನ್ನೆಲ್ಲ ಸೋಸಿ ಸೋಸಿ ಅವಳಿಗೆ ಮನೆಯ ಮಾತಿನಲ್ಲೂ ಕಲ್ಲು ಸಿಗತೊಡಗಿತು. ಗಂಡ ಬಸ್ ಡ್ರೈವರ್, ಮೊದಲಿನಿಂದಲೂ ಬಾಯಿಬಡುಕ. ಈಚೆಗೆ ಏನು ಕೇಳಿದರೂ ಬರೀ 'ಹ್ಞೂಂ'. ಇಲ್ಲವೆಂದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಉತ್ತರ. ಫೋನ್ ಬಂದರೆ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಳ್ಳುತ್ತಿದ್ದ.

ಒಂದು ದಿನ ಊಟದ ಹೊತ್ತಿನ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿ, ಮರುದಿನ ಕಚೇರಿಯ ಯಂತ್ರಕ್ಕೆ ಕೇಳಿಸಿದಳು. 'ಮಾತಾಡಲು ಇಷ್ಟವಿಲ್ಲ. ಏನನ್ನೋ ಮುಚ್ಚಿಡುತ್ತಿರಬಹುದು' ಎಂದಿತು ಪರದೆ.

ಸಂಜೆ ಅವನ ಎದುರಿಗೇ ಕೂತಳು. "ಯಾರ್ರೀ ಅವಳು?"

"ಯಾವಳು?"

"ಹೊರಗೆ ನಿಂತು ಗುಟ್ಟಾಗಿ ಮಾತಾಡ್ತೀರಲ್ಲ, ಅವಳು."

"ಸ್ಪೀಕರ್ ಹಾಕ್ಕೊಂಡು ಯಾರಾದ್ರೂ ಗುಟ್ಟು ಮಾತಾಡ್ತಾರೇನೆ?" ಎಂದವನು ಮುಖ ಸಪ್ಪಗೆ ಮಾಡಿಕೊಂಡ. "ಬಲಗಿವಿ ಪೂರ್ತಿ ಹೋಗಿದೆ ಕಣೇ. ಎಡದ್ದೂ ಹೋಗ್ತಾ ಇದೆ. ಸ್ಪೀಕರ್ ಹಾಕಿದ್ರೇನೇ ಒಂಚೂರು ಕೇಳ್ಸೋದು. ಅದು ನಿಂಗೆ ಗೊತ್ತಾಗ್ಬಾರ್ದು ಅಂತ ಹೊರಗೆ ಹೋಗ್ತಿದ್ದೆ. ಡಿಪೋದಲ್ಲಿ ಗೊತ್ತಾದ್ರೆ ಸ್ಟೀರಿಂಗ್ ಮುಟ್ಟೋಕೂ ಬಿಡಲ್ಲ."

ಅವಳು ನಂಬಲಿಲ್ಲ. ಎದ್ದು ಅವನ ಬೆನ್ನ ಹಿಂದೆ ಹೋಗಿ, "ಅಡುಗೆಮನೇಲಿ ಬೆಂಕಿ ಹತ್ಕೊಂಡಿದೆ" ಎಂದಳು. ಅವನು ಅಲುಗಲಿಲ್ಲ. ಇನ್ನೂ ಸ್ವಲ್ಪ ಜೋರಾಗಿ ಹೇಳಿದಳು. ಅವನು ಕಾಲು ತುರಿಸಿಕೊಳ್ಳುತ್ತ ಕೂತಿದ್ದ.

ಆಗ ಅವಳಿಗೆ ಬೇರೆಯದೇ ಭಯ ಹುಟ್ಟಿತು. ಬಸ್ಸು ತುಂಬ ಜನ! ಹಿಂದಿನಿಂದ ಹಾರ್ನ್ ಹೊಡೆದರೂ ಇವನಿಗೆ ಕೇಳಿಸುವುದಿಲ್ಲ. ಮುಂದೆ ಬಂದು ಮುಖಕ್ಕೆ ಮುಖ ಕೊಟ್ಟು ಕೇಳಿದಳು: "ನಾಳೆ ನೀವೇ ಹೇಳ್ತೀರೋ, ನಾನು ಬಂದು ಹೇಳ್ಲೋ?"

ಅವನೇ ಹೇಳಿದ. ಡಿಪೋದವರು ಅವನನ್ನು ಟೈರ್ ವಿಭಾಗಕ್ಕೆ ಹಾಕಿದರು. ಹಗಲೆಲ್ಲ ಸೀಟಿನಲ್ಲಿ ಕೂತ ಮೈಗೆ ಬಗ್ಗಿ ಏಳುವುದು ಹೊಸದು. ರೆಕಾರ್ಡ್ ಮಾಡಿದ ವಿಷಯವನ್ನು ಅವಳು ಬಾಯಿಬಿಟ್ಟ ದಿನ ಅವನು ಕೂಗಾಡಲಿಲ್ಲ. "ನನ್ನ ಕೇಳ್ಬಹುದಿತ್ತು" ಎಂದಷ್ಟೇ ಹೇಳಿ ಎದ್ದುಹೋದ.

ಈಗ ಅವಳು ಬಾಯಿ ತೆರೆದರೆ ಸಾಕು, ಅವನು ತಟ್ಟೆ ಬಿಟ್ಟು ಅವಳ ತುಟಿಗಳನ್ನೇ ದಿಟ್ಟಿಸುತ್ತಾನೆ. ಹೇಳದೆ ಬಿಟ್ಟದ್ದೂ ಅಲ್ಲಿ ಕಂಡುಬಿಡುತ್ತದೇನೋ ಎಂದು ಅವಳಿಗೆ ಅಳುಕು.