ಉಪ್ಪು ಹೆಚ್ಚಾಯಿತೆಂದು ಹೇಳದವರು

ನನ್ನ ಅತ್ತಿಗೆಗೆ ಬೇರೆ ಗ್ರಹದವರ ಮೇಲೆ ನಂಬಿಕೆ ಇರಲಿಲ್ಲ. ಅಂಥವರು ಇದ್ದಾರೋ ಇಲ್ಲವೋ ಎಂಬ ತಕರಾರು ಅವರದಲ್ಲ. ಇದ್ದರೂ ನಂಬಬಾರದು ಎಂಬುದು ಅವರ ವಾದ. ಭದ್ರಾವತಿಯ ಮನೆಯ ಹಾಲಿನಲ್ಲಿ, ದಿವಾನದ ಮೇಲೆ ದಿಂಬಿಗೆ ಒರಗಿ, ಕನ್ನಡಕ್ಕೆ ಡಬ್ ಆದ ಒಂದು ವಿದೇಶಿ ಧಾರಾವಾಹಿ ನೋಡುತ್ತ ನೋಡುತ್ತ ಅವರು ಈ ತೀರ್ಮಾನಕ್ಕೆ ಬಂದಿದ್ದರು. ಅತ್ತೆ-ಸೊಸೆಯರ ಧಾರಾವಾಹಿ ನೋಡಿದರೆ ಬಿಪಿ ಏರುತ್ತದೆ, ಇದಾದರೆ ನಮ್ಮ ಪೈಕಿ ಯಾರೂ ಇಲ್ಲ, ನೆಮ್ಮದಿ ಎನ್ನುತ್ತಿದ್ದರು.

ಶಿವಮೊಗ್ಗದ ದುರ್ಗಿಗುಡಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಭಾನುವಾರ ರಜ. ಆ ವರ್ಷ ಪ್ರತಿ ಭಾನುವಾರವೂ ಬೆಳಿಗ್ಗೆ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ, ಅತ್ತಿಗೆಯ ಜೊತೆ ಆ ಧಾರಾವಾಹಿ ನೋಡುತ್ತಿದ್ದೆ. ಅಣ್ಣನೂ ಬಂದು ಕೂರುತ್ತಿದ್ದ, ಆದರೆ ಅವನ ಕಣ್ಣು ಟಿವಿಯ ಮೇಲಿರುತ್ತಿರಲಿಲ್ಲ.

ಕಥೆ ಹೀಗಿತ್ತು. ಎಲ್ಲಿಂದಲೋ ಒಂದು ಹಡಗು ಬಂದು ಕಡಲ ಮೇಲೆ ನಿಲ್ಲುತ್ತದೆ. ಅದರಲ್ಲಿ ಬಂದವರು ನೋಡಲು ನಮ್ಮಂತೆಯೇ. ನಿಮ್ಮ ಸಮುದ್ರದ ವಿಷವನ್ನೆಲ್ಲ ತೊಳೆದುಕೊಡುತ್ತೇವೆ, ನಾವು ನಿಮ್ಮ ಗೆಳೆಯರು ಎನ್ನುತ್ತಾರೆ. ಊರೂರೇ ಅವರಿಗೆ ಹಾರ ಹಾಕುತ್ತದೆ. ಒಬ್ಬ ವೈದ್ಯೆ ಮಾತ್ರ ಯಾವುದೋ ಯಂತ್ರದಲ್ಲಿ ಮುಂದಿನ ಕಾಲಕ್ಕೆ ಹೋಗಿ, ಜನರೇ ಇಲ್ಲದ ದಡವನ್ನು ಕಂಡು ವಾಪಸು ಬರುತ್ತಾಳೆ. ಕಂಡದ್ದನ್ನು ಯಾರಿಗೂ ಹೇಳಬಾರದೆಂದು ಅವಳ ಮೇಲಿನವರ ಕಟ್ಟಪ್ಪಣೆ. ಹೇಳಿದರೆ ಜನ ಹೆದರಿ ಇವತ್ತೇ ಸಾಯುತ್ತಾರಂತೆ.

ಬಂದವರು ಮೋಸಗಾರರು ಎಂಬುದನ್ನು ಅತ್ತಿಗೆ ವೈದ್ಯೆಗಿಂತ ಮೊದಲೇ ಹಿಡಿದಿದ್ದರು.

"ನೋಡು ಮಾರಾಯ, ಎಷ್ಟು ಸಲ ಊಟಕ್ಕೆ ಕೂತ್ರು ಇವರು? ಒಬ್ಬರಾದ್ರೂ ಉಪ್ಪು ಜಾಸ್ತಿ ಆಯ್ತು, ಖಾರ ಆಯ್ತು ಅಂದ್ರಾ? ನಮ್ಮವರಾಗಿದ್ರೆ ಬೈತಿದ್ರು. ಬರೀ ನಗ್ತಾ ತಿಂದು ಏಳೋರು ಏನೋ ಮುಚ್ಚಿಟ್ಟಿರ್ತಾರೆ."

ನಾನು ನಕ್ಕೆ. ನಾವೂ ಮುಚ್ಚಿಟ್ಟಿದ್ದೆವು.

ಯುಗಾದಿ ಆದ ವಾರವೇ ಆಸ್ಪತ್ರೆಯ ಹೊರಗಿನ ಬೆಂಚಿನಲ್ಲಿ ನನ್ನನ್ನೂ ಅಣ್ಣನನ್ನೂ ಕೂರಿಸಿಕೊಂಡು ಡಾಕ್ಟರು ಹೇಳಿದ್ದರು, ಅತ್ತಿಗೆ ಮುಂದಿನ ಯುಗಾದಿ ನೋಡುವುದು ಕಷ್ಟ ಎಂದು. "ಅವಳಿಗೆ ಹೇಳಿದ್ರೆ ಅವತ್ತೇ ಹೋಗಿಬಿಡ್ತಾಳೆ ಕಣೋ" ಎಂದು ಅಣ್ಣ ನನ್ನ ಕೈ ಹಿಡಿದುಕೊಂಡ. ಅಲ್ಲಿಂದ ಮನೆಗೆ ಬರುವಷ್ಟರಲ್ಲಿ ಆ ಕಾಯಿಲೆ ನಮ್ಮ ಬಾಯಲ್ಲಿ ಹೊಟ್ಟೆಯ ಹುಣ್ಣಾಗಿತ್ತು. ನಮ್ಮ ಕಡೆ ಇದು ಹೊಸದೇನಲ್ಲ. ರೋಗಿಯೊಬ್ಬರನ್ನು ಬಿಟ್ಟು ಬೀದಿಗೆಲ್ಲ ಗೊತ್ತಿರುತ್ತದೆ. ನೋಡಲು ಬಂದವರನ್ನು ಅಣ್ಣ ಗೇಟಿನಲ್ಲೇ ತಡೆದು, ಹುಣ್ಣು ಅಂತಷ್ಟೇ ಹೇಳಿದ್ದೀವಿ, ಅಳಬೇಡಿ ಎಂದು ಪಾಠ ಹೇಳಿ ಒಳಗೆ ಬಿಡುತ್ತಿದ್ದ. ಅವರು ಒಳಗೆ ಬಂದು, ಮಜ್ಜಿಗೆ ಕುಡೀರಿ, ಹುಣ್ಣು ತಾನಾಗಿ ಮಾಯುತ್ತೆ ಎಂದು ಹಲ್ಲು ಕಿರಿಯುತ್ತಿದ್ದರು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎನ್ನುತ್ತಾರೆ. ಸಾವಿಗೆ ಎಷ್ಟು ಸುಳ್ಳು ಬೇಕೆಂದು ಯಾರೂ ಹೇಳಿಟ್ಟಿಲ್ಲ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಅಣ್ಣನ ಮೇಲೆ ಸಿಟ್ಟು, ಅವನ ಮುಖ ನೋಡಿದರೆ ಮರುಕ, ಎರಡೂ ಒಟ್ಟಿಗೇ.

ಸಿಟ್ಟಿಗೆ ಕಾರಣ ಆಯನೂರಿನಲ್ಲಿತ್ತು. ಅತ್ತಿಗೆಯ ಒಬ್ಬಳೇ ತಂಗಿಯನ್ನು ಕೊಟ್ಟಿದ್ದು ಅಲ್ಲಿಗೆ. ಅಕ್ಕ-ತಂಗಿಗೆ ಮಾತು ಬಿಟ್ಟು ಎಷ್ಟೋ ವರ್ಷಗಳಾಗಿದ್ದವು. ಅವರ ತಾಯಿ ಸಾಯುವ ಸ್ಥಿತಿಯಲ್ಲಿದ್ದಾಗ ತಂಗಿ ಹಸಿ ಬಾಣಂತಿ. ಬಾಣಂತಿಗೆ ಕೆಟ್ಟ ಸುದ್ದಿ ಹೇಳಬಾರದು ಎಂದು ಹಿರಿಯರೆಲ್ಲ ಅಂದರು. ದಿನಾ ಫೋನಿನಲ್ಲಿ "ಅಮ್ಮಂಗೆ ಬರೀ ಜ್ವರ ಕಣೇ" ಎಂದವರು ಅತ್ತಿಗೆ. ತಂಗಿಗೆ ನಿಜ ಗೊತ್ತಾದಾಗ ಅಸ್ಥಿಯನ್ನು ಹೊಳೆಗೆ ಬಿಟ್ಟಾಗಿತ್ತು. ನನ್ನ ಪಾಲಿನ ಅಮ್ಮನ್ನ ನೀನು ಕಿತ್ಕೊಂಡೆ ಎಂದು ಅವತ್ತು ಹೇಳಿದ್ದೇ ಕಡೆಯ ಮಾತು. ಆಮೇಲೆ ಮದುವೆ ಮುಂಜಿಗಳಲ್ಲಿ ಇಬ್ಬರೂ ಬೇರೆ ಬೇರೆ ಪಂಕ್ತಿಯಲ್ಲಿ ಕೂತು ಉಂಡು ಹೋಗುತ್ತಿದ್ದರು.

ಈ ಕಾಯಿಲೆ ಬಂದ ಮೇಲೆ ಅತ್ತಿಗೆಯ ಬಾಯಲ್ಲಿ ತಂಗಿಯದೇ ಮಾತು. "ಹುಷಾರಾದ ಮೇಲೆ ಹೋಗ್ತೀನಿ. ಚಿಕ್ಕವಳಾದ್ರೂ ಸರಿ, ತಪ್ಪಾಯ್ತು ಅಂತೀನಿ. ಈಗ ಬೇಡ. ಹೀಗೆ ಒಣಕಲಾಗಿ ಹೋಗಿ ನಿಂತ್ರೆ ಅಯ್ಯೋ ಪಾಪ ಅಂತ ಮಾತಾಡ್ತಾಳೆ. ಅಯ್ಯೋ ಪಾಪ ಬೇಡ ನಂಗೆ."

ಹುಷಾರಾದ ಮೇಲೆ! ಆ ದಿನ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಆಯನೂರಿಗೂ ಅಣ್ಣ ಫೋನು ಮಾಡಿ, ಸಣ್ಣ ಹುಣ್ಣು, ನೀವು ಬರೋದೇನೂ ಬೇಡ ಎಂದಿದ್ದ. ಹಟಮಾರಿ ತಂಗಿ ಬರಲಿಲ್ಲ. ಆ ವೈದ್ಯೆಗಾದರೂ ಮೇಲಿನವರ ಅಪ್ಪಣೆ ಇತ್ತು. ನನ್ನ ಬಾಯಿ ಕಟ್ಟಿದ್ದು ಅಣ್ಣನ ಕಣ್ಣು.

ಗಣಪತಿ ಹಬ್ಬ ಕಳೆದ ಮೇಲೊಂದು ಭಾನುವಾರ ಧಾರಾವಾಹಿಯ ಆ ಸಲದ ಕೊನೆಯ ಕಂತು. ವೈದ್ಯೆ ಅಪ್ಪಣೆ ಮೀರಿ ಬಾಯಿ ಬಿಡುತ್ತಾಳೋ ಇಲ್ಲವೋ ಎನ್ನುವಲ್ಲಿಗೆ ನಿಲ್ಲಿಸಿ, ಉಳಿದದ್ದು ಮುಂದಿನ ವರ್ಷ ಎಂದರು. ಅತ್ತಿಗೆ ಎದ್ದು, ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋದರು. ಇವತ್ತು ಸಾರು ನನ್ನದು, ಯಾರೂ ಒಳಗೆ ಬರಬೇಡಿ ಎಂದರು. ತಿಂಗಳುಗಟ್ಟಲೆ ಒಲೆ ಮುಂದೆ ನಿಂತಿರದ ಅತ್ತಿಗೆ ಸಾರು ಮಾಡಿದರಲ್ಲ ಎಂದು ಅಣ್ಣನಿಗೆ ಹಿಗ್ಗು.

ಮೊದಲ ತುತ್ತು ಬಾಯಿಗಿಟ್ಟರೆ ನಾಲಗೆ ಸುಟ್ಟಂತಾಯಿತು. ಸಾರಲ್ಲ ಅದು, ಬರೀ ಉಪ್ಪು. ಅಣ್ಣನ ಕಡೆ ನೋಡಿದೆ. ಮೂವತ್ತು ವರ್ಷ ಕಾಫಿಗೆ ಸಕ್ಕರೆ ಕಮ್ಮಿಯಾದರೆ ಲೋಟ ಕುಕ್ಕುತ್ತಿದ್ದ ಮನುಷ್ಯ, ತಲೆ ತಗ್ಗಿಸಿ ಕಲಸಿಕೊಂಡು ತಿನ್ನುತ್ತಿದ್ದ.

"ಹೇಗಿದೆ?" ಅತ್ತಿಗೆ ಕೇಳಿದರು.

"ಚೆನ್ನಾಗಿದೆ ಕಣೆ. ಮೊದಲಿನ ಹಾಗೇ ಇದೆ."

"ಚೆನ್ನಾಗಿದೆ ಅತ್ತಿಗೆ" ಎಂದೆ ನಾನೂ.

ಅತ್ತಿಗೆ ನಮ್ಮಿಬ್ಬರನ್ನೂ ನೋಡಿದರು. "ಬೇಕಂತಲೇ ಸುರಿದೆ ಉಪ್ಪನ್ನ. ಆ ಹಡಗಿನವರ ಥರಾನೇ ಉಣ್ತಿದ್ದೀರಲ್ರೋ. ನಿಮ್ಮಣ್ಣ ನನ್ನ ಬೈದು ಎಷ್ಟು ತಿಂಗಳಾಯ್ತು ಗೊತ್ತಾ? ನಾನು ಲೆಕ್ಕ ಇಟ್ಟಿಲ್ಲ ಅಂದ್ಕೊಂಡ್ರಾ?"

ಅಣ್ಣ ಕೈ ತೊಳೆಯುವ ನೆಪದಲ್ಲಿ ಎದ್ದು ಹೋದ. ಅತ್ತಿಗೆ ನನ್ನ ಕಡೆ ತಿರುಗಿದರು.

"ನೀನು ಹೇಳು. ಅದರ ಮುಂದಿನ ಭಾಗ ಬರೋ ಹೊತ್ತಿಗೆ ನಾನು ಇರ್ತೀನಾ?"

ಅಣ್ಣ ಬಾಗಿಲಲ್ಲಿ ಒದ್ದೆ ಕೈಯಲ್ಲಿ ನಿಂತು ಬೇಡ ಎಂದು ತಲೆಯಾಡಿಸುತ್ತಿದ್ದ. ನನಗೆ ಅದು ಕಾಣುತ್ತಿತ್ತು.

"ಇಲ್ಲ ಅತ್ತಿಗೆ" ಎಂದೆ.

ಅವರು ಅವತ್ತೇ ಹೋಗಿಬಿಡಲಿಲ್ಲ. ಗೋಡೆಗೆ ಒರಗಿ ಕೂತು, ಸೆರಗಿನಲ್ಲಿ ಮುಖ ಒರೆಸಿಕೊಂಡು, ಒಂದು ಲೋಟ ನೀರು ಕುಡಿದರು. ಅತ್ತದ್ದು ಅಣ್ಣ. ಅತ್ತಿಗೆಯ ಮುಂದೆ, ನೆಲಕ್ಕೆ ಕುಸಿದು, ಮಗುವಿನ ಹಾಗೆ ಅತ್ತ.

"ಇಷ್ಟು ದಿನ ಎಲ್ಲಿ ಅಳ್ತಿದ್ರಿ?" ಎಂದು ಅತ್ತಿಗೆ ಅವನ ತಲೆ ಸವರಿದರು.

"ಬಚ್ಚಲಲ್ಲಿ."

"ನಾನೂ ಅಲ್ಲೇ ಅಳ್ತಿದ್ದೆ. ಒಂದೇ ಮನೇಲಿದ್ದು ಸರದಿ ಮೇಲೆ ಅತ್ತಿದ್ದೀವಲ್ಲ." ಆಮೇಲೆ ನನಗೆ ಹೇಳಿದರು: "ಒಂದು ಕಾರು ಕರಿ. ಆಯನೂರಿಗೆ ಹೋಗ್ಬೇಕು. ಇವತ್ತೇ."

ದಾರಿಯಲ್ಲಿ ಮಾಚೇನಹಳ್ಳಿಯ ಫ್ಯಾಕ್ಟರಿಗಳು, ಶಿವಮೊಗ್ಗದ ಟ್ರಾಫಿಕ್ಕು, ಆಮೇಲೆ ಸಾಗರದ ರಸ್ತೆ. ಆಯನೂರಿನ ಮನೆಯ ಮುಂದೆ ಕಾರು ನಿಂತಾಗ ತಂಗಿ ಜಗಲಿಯ ಮೇಲೆ ಬಟ್ಟೆ ಮಡಚುತ್ತಿದ್ದರು. ಇಳಿದ ಅಕ್ಕನನ್ನು ನೋಡಿ ಎದ್ದು ನಿಂತರು. ಕೈಯಲ್ಲಿದ್ದ ಟವೆಲು ಕೆಳಗೆ ಬಿತ್ತು.

"ಹುಣ್ಣು ಅಂದ್ರಲ್ಲ ಭಾವ!"

"ಹುಣ್ಣಲ್ಲ ಕಣೇ" ಎಂದರು ಅತ್ತಿಗೆ. ಏದುಸಿರು ಬಿಡುತ್ತಿದ್ದರು, ಕಾರಿನ ಬಾಗಿಲು ಹಿಡಿದೇ ನಿಂತಿದ್ದರು. "ನಾನು ಇನ್ನು ಜಾಸ್ತಿ ದಿನ ಇರಲ್ಲ. ನಂಗೂ ಇವತ್ತು ಮಧ್ಯಾಹ್ನವೇ ಖಾತ್ರಿಯಾಗಿದ್ದು. ಅಮ್ಮಂದು ನಿಂಗೆ ಹೇಳ್ಲಿಲ್ಲ. ನಂದಾದ್ರೂ ನಾನೇ ಹೇಳೋಣ ಅಂತ ಬಂದೆ."

ತಂಗಿ ಬರಿಗಾಲಲ್ಲಿ ಅಂಗಳಕ್ಕೆ ಇಳಿದು ಬಂದು, ಅಕ್ಕನ ತೋಳು ಹಿಡಿದು ಒಳಗೆ ಕರೆದುಕೊಂಡು ಹೋದರು. ನಾನೂ ಅಣ್ಣನೂ ಜಗಲಿಯ ಅಂಚಿಗೆ ನಿಂತೆವು. ಸ್ವಲ್ಪ ಹೊತ್ತಿಗೆ ತಂಗಿಯೊಬ್ಬರೇ ಹೊರಗೆ ಬಂದರು.

"ನಿಮಗೆ ಯಾವಾಗಿಂದ ಗೊತ್ತು?"

"ಯುಗಾದಿಯಿಂದ" ಎಂದ ಅಣ್ಣ.

"ಯುಗಾದಿಯಿಂದ ಇವತ್ತಿನವರೆಗಿನ ನನ್ನ ಅಕ್ಕನ್ನ ಯಾರು ತಂದ್ಕೊಡ್ತೀರಿ ನಂಗೆ?"

ಅವರು ಅಣ್ಣನನ್ನು ನೋಡಿದರು, ನನ್ನನ್ನೂ ನೋಡಿದರು. ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿದ್ದರು. ಒಳಗಿನಿಂದ ಅತ್ತಿಗೆಯ ದನಿ ಕೇಳಿಸಿತು.

"ಅವರನ್ನ ಬಿಡೇ. ಒಳಗೆ ಬಾ, ಇರೋಷ್ಟು ದಿನದ್ದು ಮಾತಾಡೋಣ."

ಅವರು ಒಳಗೆ ಹೋದರು. ನಮ್ಮನ್ನು ಯಾರೂ ಕರೆಯಲಿಲ್ಲ.